ನಮ್ಮ ಸ್ಕೂಲಿಗೆ ಮಾತ್ರ ಬೇಡ

“ಬೇರೆ ಎಲ್ಲಿಗೆ ಬೇಕಾದ್ರೂ ಹೋಗ್ಲಿ. ನಮ್ಮ ಸ್ಕೂಲಿಗೆ ಮಾತ್ರ ಬೇಡ!”

ಶಾಂತಕುಮಾರಿ ಊಟದ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ತಟ್ಟೆಯಲ್ಲಿದ್ದ ಹುಳಿ ಚೆಲ್ಲಿ ನೆಲದ ಮೇಲೆ ಹರಿಯಿತು. ಬೇರೆ ದಿನವಾಗಿದ್ದರೆ ಸೀತಮ್ಮಜ್ಜಿ ಅದಕ್ಕೇ ಸಾಯಂಕಾಲದವರೆಗೆ ಗೊಣಗುತ್ತಿದ್ದರು. ಇವತ್ತು ಅವರ ಮುಖ ಅರಳಿತು.

“ಕೇಳಿಸ್ಕೊಂಡ್ಯಾ ಸೀನ? ಮಗೂನೇ ಬೇಡ ಅಂತಿದೆ. ಇನ್ನು ಮಾತೇನಿದೆ?” ಎಂದು ಅಜ್ಜಿ ತಮ್ಮ ಮಗನ ಕಡೆ ತಿರುಗಿದರು.

ಅಪ್ಪ ಶ್ರೀನಿವಾಸಮೂರ್ತಿ ಅನ್ನ ಕಲೆಸುತ್ತಾ, “ನೋಡೋಣ” ಎಂದರು. ಅಪ್ಪನದು ಯಾವಾಗಲೂ ಇದೇ ಮಾತು. ಹೊಸ ಕೊಡೆ ತರುವುದಕ್ಕೂ ನೋಡೋಣ, ಊರಿಗೆ ಹೋಗುವುದಕ್ಕೂ ನೋಡೋಣ. ಫ್ಯಾಕ್ಟರಿಯಲ್ಲಿ ದಿನವೆಲ್ಲ ಮಷೀನಿನ ಸದ್ದು ಕೇಳಿ ಬರುವ ಅಪ್ಪನಿಗೆ ಮನೆಯಲ್ಲಿ ಯಾರೂ ಜಗಳ ಆಡದಿದ್ದರೆ ಸಾಕಾಗಿತ್ತು.

ಅಮ್ಮ ಒದ್ದೆ ಬಟ್ಟೆ ತಂದು ನೆಲ ಒರೆಸಿದಳು. ಶಾಂತಕುಮಾರಿಯ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

“ನಿನಗೆ ಇಷ್ಟ ಇಲ್ವಾ ಶಾಂತೂ?” ಎಂದು ಕೇಳಿದಳು.

“ಇಲ್ಲ.”

“ಸರಿ. ಊಟ ಮಾಡು.”

ಇಷ್ಟಕ್ಕೆಲ್ಲ ಕಾರಣ, ಹಿಂದಿನ ದಿನ ಜೋಗುಪಾಳ್ಯದ ಅವರ ಮನೆಗೆ ಹೆಡ್‌ಮಿಸ್ ವಿಮಲಾಕ್ಷಮ್ಮ ತಾವೇ ನಡೆದುಕೊಂಡು ಬಂದಿದ್ದು. ಅಷ್ಟು ಸಣ್ಣ ಗಲ್ಲಿಯಲ್ಲಿ ಅಷ್ಟು ದೊಡ್ಡವರು ಬಂದಿದ್ದನ್ನು ಕಂಡು ಶಾಂತಕುಮಾರಿ ಹೆದರಿ ಬಾಗಿಲ ಹಿಂದೆ ಅಡಗಿದ್ದಳು. ತನ್ನ ಮೇಲೆ ಏನೋ ಕಂಪ್ಲೇಂಟ್ ಇರಬೇಕು ಎಂದುಕೊಂಡಿದ್ದಳು.

ಆದರೆ ಅವರು ಬಂದಿದ್ದು ಅಮ್ಮನನ್ನು ಹುಡುಕಿಕೊಂಡು. ಸ್ಕೂಲಿನ ಡ್ರಿಲ್ ಮೇಷ್ಟ್ರು ಈರಯ್ಯನವರು ರಿಟೈರಾಗಿ ಊರಿಗೆ ಹೊರಟುಹೋಗಿದ್ದರು. ಅವರ ಜಾಗಕ್ಕೆ ಯಾರೂ ಸಿಕ್ಕಿರಲಿಲ್ಲ.

“ಅನಸೂಯ, ನೀವು ಮದುವೆಗೆ ಮುಂಚೆ ತುಮಕೂರಿನಲ್ಲಿ ಡ್ರಿಲ್ ಟೀಚರ್ ಆಗಿದ್ರಿ ಅಂತ ಕೇಳಿದೆ. ಪೂರ್ತಿ ದಿನ ಬೇಡ. ಬೆಳಿಗ್ಗೆ ಬಂದು ಊಟದ ಬೆಲ್ ಹೊತ್ತಿಗೆ ಹೊರಟುಬಿಡಿ. ಅರ್ಧ ದಿನದ ಕೆಲಸ” ಎಂದಿದ್ದರು ಹೆಡ್‌ಮಿಸ್.

ಅಮ್ಮ ಕಾಫಿ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಅವಳ ಕಿವಿ ಕೆಂಪಾಗಿದ್ದನ್ನು ಬಾಗಿಲ ಸಂದಿನಿಂದ ಶಾಂತಕುಮಾರಿ ನೋಡಿದ್ದಳು.

ಹೆಡ್‌ಮಿಸ್ ಹೊರಟ ಕೂಡಲೇ ಅಜ್ಜಿ ಶುರು ಮಾಡಿದರು. “ಸೊಸೆಯಾದೋಳು ಸೆರಗು ಕಟ್ಕೊಂಡು ಮೈದಾನದಲ್ಲಿ ಓಡೋದಾ? ಊರೋರು ಏನಂತಾರೆ? ಹೋಗಲಿ, ಮಗೂನ ಯಾರು ನೋಡ್ಕೋತಾರೆ?”

ಅಪ್ಪನೂ, “ಹೌದು, ಮಗು ಇದೆಯಲ್ಲ. ನೋಡೋಣ” ಎಂದರು.

ರಾತ್ರಿಯೂ ಮಗು, ಬೆಳಿಗ್ಗೆಯೂ ಮಗು. ನಾಲ್ಕನೇ ಕ್ಲಾಸು ಮುಗಿಸಿ ಐದಕ್ಕೆ ಬಂದವಳನ್ನು ಎಲ್ಲರೂ ಮಗು ಮಗು ಎಂದರೆ ಶಾಂತಕುಮಾರಿಗೆ ರೇಗುತ್ತಿತ್ತು. ಆದರೆ ಅಮ್ಮ ಸ್ಕೂಲಿಗೆ ಬರುವುದು ತಪ್ಪುವುದಾದರೆ ಮಗುವಾಗುವುದಕ್ಕೂ ಅವಳು ತಯಾರಿದ್ದಳು.

ಅವಳ ಕಾರಣವೇ ಬೇರೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಶಾಂತಕುಮಾರಿ ಪರೀಕ್ಷೆಗೆ ಪೆನ್ನು ಮರೆತು ಹೊರಟಿದ್ದಳು. ಅದು ಅಮ್ಮನ ಕಣ್ಣಿಗೆ ಬಿತ್ತು. ಅಮ್ಮ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಜೋಗುಪಾಳ್ಯದ ಬೀದಿಯಲ್ಲಿ ಓಡಿ ಬಂದಳು. ಅದು ಸುಮ್ಮನೆ ಓಟವಲ್ಲ. ಕೈ ಎರಡೂ ಮೈಗೆ ಅಂಟಿಕೊಂಡಂತೆ, ತಲೆ ಎತ್ತಿ, ಕಾಲು ನೆಲಕ್ಕೆ ತಾಗಿದ್ದೇ ಕಾಣದ ಹಾಗೆ. ಹಾಲಿನವನ ಸೈಕಲ್ಲನ್ನು ಹಿಂದೆ ಹಾಕಿದಳು. ಬೀಡಿ ಅಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು. ಯಾರೋ, “ಅಡಡಾ, ಪಾರುಪ್ಪಾ!” ನೋಡಪ್ಪಾ ಎಂದು ತಮಿಳಿನಲ್ಲಿ ಕೂಗಿದರು.

ಆ ಹೊತ್ತಿಗೆ ಸರಿಯಾಗಿ ಶಾಂತಕುಮಾರಿಯ ಕ್ಲಾಸಿನ ಕಿಟ್ಟು ಅಲ್ಲಿಗೆ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸಿಗೆ ವಿಷಯ ಗೊತ್ತಾಗಿತ್ತು. “ಶಾಂತೂ ಅವರಮ್ಮ ಮದ್ರಾಸ್ ಮೇಲ್ ಕಣ್ರೋ! ಕೂಊಊ!” ಎಂದು ಹುಡುಗರು ರೈಲಿನ ಹಾಗೆ ಒಬ್ಬರ ಹಿಂದೆ ಒಬ್ಬರು ಅಂಗಿ ಹಿಡಿದು ಓಡಿದ್ದರು. ಆಮೇಲೆ ಎಷ್ಟೋ ದಿನ ಅವಳು ಅಮ್ಮನ ಜೊತೆ ಬೀದಿಯಲ್ಲಿ ನಡೆಯುವಾಗ ಎರಡು ಹೆಜ್ಜೆ ಹಿಂದೆ ಉಳಿಯುತ್ತಿದ್ದಳು.

ಅಂಥ ಅಮ್ಮ ಸ್ಕೂಲಿಗೇ ಬಂದುಬಿಟ್ಟರೆ?

ಭಾನುವಾರ ಸಂಜೆ ಅಮ್ಮ ಅವಳನ್ನು ಹಲಸೂರಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಮಿಲಿಟರಿಯವರ ಮೈದಾನವಿತ್ತು. ಜವಾನರು ಬಿಳಿ ಬನಿಯನ್ ಹಾಕಿಕೊಂಡು ಸಾಲಾಗಿ ನಿಂತು ಕಸರತ್ತು ಮಾಡುತ್ತಿದ್ದರು. ಅಮ್ಮ ಅಲ್ಲಿಗೆ ಬಂದಾಗಲೆಲ್ಲ ನಿಧಾನ ಮಾಡುತ್ತಾಳೆ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುವ ನೆಪ. ಇವತ್ತು ಪೂರ್ತಿ ನಿಂತೇಬಿಟ್ಟಳು.

“ಕೊನೇ ಸಾಲಲ್ಲಿ ಒಬ್ಬ ಕಾಲು ತಡವಾಗಿ ಎತ್ತುತ್ತಾನೆ, ನೋಡು” ಎಂದಳು ತನ್ನಷ್ಟಕ್ಕೆ.

“ಬಾಮ್ಮಾ, ಎಲ್ಲಾರೂ ನೋಡ್ತಾರೆ!” ಎಂದು ಶಾಂತಕುಮಾರಿ ಸೆರಗು ಎಳೆದಳು.

ಅಮ್ಮ ಹೊರಟಳು. ಕೆರೆಯ ಏರಿ ದಾಟುವವರೆಗೆ ಬಿರಬಿರನೆ ನಡೆದಳು.

*

ಸೋಮವಾರ ಊಟದ ಬಿಡುವಿಗೆ ಮುಂಚಿನ ಪೀರಿಯಡ್ ಡ್ರಿಲ್. ಈರಯ್ಯ ಮೇಷ್ಟ್ರು ಹೋದಮೇಲೆ ಆ ಪೀರಿಯಡ್ಡಿಗೆ ಹೇಳುವವರು ಕೇಳುವವರು ಇರಲಿಲ್ಲ. ಹುಡುಗರು ಸ್ಟಂಪು ನೆಟ್ಟು ಮೈದಾನವನ್ನೆಲ್ಲ ಹಿಡಿದುಕೊಂಡರು. ಹುಡುಗಿಯರು ಬೇವಿನ ಮರದ ಕೆಳಗೆ ಕೂತು ಕರ್ಚೀಫಿಗೆ ಹೂವಿನ ಕಸೂತಿ ಹಾಕಬೇಕಾಗಿತ್ತು.

ಶಾಂತಕುಮಾರಿಗೆ ಸೂಜಿ ಎಂದರೆ ಆಗದು. ಅವಳಿಗೆ ಬೇಕಾದ್ದು ಥ್ರೋಬಾಲ್. ಮುಂದಿನ ತಿಂಗಳು ಕುಕ್ ಟೌನಿನ ಸ್ಕೂಲಿನವರ ಜೊತೆ ಮ್ಯಾಚಿತ್ತು. ಆದರೆ ಥ್ರೋಬಾಲಿನ ನೆಟ್ಟು ಸ್ಟೋರ್‌ರೂಮಿನಲ್ಲಿ ಧೂಳು ತಿನ್ನುತ್ತಿತ್ತು.

“ನಿನಗೊಂದು ವಿಷ್ಯ ಗೊತ್ತಾ?” ಪಕ್ಕದಲ್ಲಿ ಕೂತಿದ್ದ ಜಹನಾರಾ ಸೂಜಿಗೆ ದಾರ ಪೋಣಿಸುತ್ತಾ ಪಿಸುಗುಟ್ಟಿದಳು. ಜಹನಾರಾ ಸೈಕಲ್ ಶಾಪ್ ಇನಾಯತ್ ಉಲ್ಲಾ ಅವರ ಮಗಳು, ಟೀಮಿನಲ್ಲಿ ಎಲ್ಲರಿಗಿಂತ ಉದ್ದ, ಶಾಂತಕುಮಾರಿಯ ಪ್ರಾಣಸ್ನೇಹಿತೆ. “ಹೆಡ್‌ಮಿಸ್ ಒಬ್ರು ಲೇಡಿ ಡ್ರಿಲ್ ಟೀಚರನ್ನ ಅವರ ಮನೆಗೇ ಹೋಗಿ ಕೇಳಿದಾರಂತೆ. ಆಯಾ ಹೇಳಿದ್ಲು.”

ಶಾಂತಕುಮಾರಿಯ ಬೆರಳಿಗೆ ಸೂಜಿ ಚುಚ್ಚಿತು. “ಹೌದಾ? ಯಾರಂತೆ?”

“ಗೊತ್ತಿಲ್ಲ. ಆದ್ರೆ ಅವರ ಮನೇಲಿ ಒಪ್ಪೋದು ಕಷ್ಟ ಅಂತೆ. ಎಂಥಾ ಮನೆಯೋ ಏನೋ! ಆಟ ಹೇಳ್ಕೊಡೋಕೆ ಬರೋರನ್ನ ಕೂರಿಸ್ಕೊಂಡು ಏನ್ಮಾಡ್ತಾರೆ? ಉಪ್ಪಿನಕಾಯಿ ಹಾಕ್ತಾರಾ?”

ಶಾಂತಕುಮಾರಿ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಮಾತಾಡದೆ ಇರುವುದಕ್ಕೆ ಅದು ಒಳ್ಳೆಯ ಉಪಾಯ.

ಆಗ ಬಾಲು ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು. ಕಿಟ್ಟು ಬ್ಯಾಟು ಹೆಗಲ ಮೇಲಿಟ್ಟುಕೊಂಡು ಕೂಗಿದ. “ಏಯ್, ಬಾಲ್ ಎಸಿ! ಎಸೆದು ನೀನು ಹೊಲಿಗೆ ಹಾಕ್ಕೋ!”

ಶಾಂತಕುಮಾರಿ ಬಾಲನ್ನು ಎತ್ತಿಕೊಂಡು ಎದ್ದು ನಿಂತಳು. ಎಸೆಯಲಿಲ್ಲ. ಮೈದಾನದ ನಡುವಿಗೆ ನಡೆದು ಹೋದಳು. ಎರಡು ಸ್ಟಂಪುಗಳ ಮಧ್ಯೆ, ಹುಡುಗರು ನೀರು ಹಾಕಿ ತಟ್ಟಿ ಮಾಡಿದ್ದ ಪಿಚ್ಚಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಬಾಲನ್ನು ಲಂಗದ ಮಡಿಲಲ್ಲಿ ಇಟ್ಟುಕೊಂಡಳು.

“ಏನೇ ಇದು? ಏಳೇ!”

“ಏಳಲ್ಲ. ಅರ್ಧ ಗ್ರೌಂಡ್ ನಮ್ದು. ನೆಟ್ ಕಟ್ಟೋಕೆ ಬಿಡು, ಆಮೇಲೆ ಏಳ್ತೀನಿ.”

ಕಿಟ್ಟು ಬಾಯಿ ಬಿಟ್ಟುಕೊಂಡು ನೋಡಿದ. ಜಹನಾರಾ ಕರ್ಚೀಫು ಬಿಸಾಕಿ ಓಡಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಸ್ವಲ್ಪ ಹೊತ್ತಿಗೆ ಮರದ ಕೆಳಗೆ ಕಸೂತಿಯ ಚೀಲಗಳು ಮಾತ್ರ ಉಳಿದವು. ಪಿಚ್ಚಿನ ತುಂಬ ನೀಲಿ ಲಂಗಗಳು.

ಹುಡುಗರ ಗಲಾಟೆ ಕೇಳಿ ಹೆಡ್‌ಮಿಸ್ ವರಾಂಡದಿಂದ ಇಳಿದು ಬಂದರು. ಗಲಾಟೆ ತಣ್ಣಗಾಯಿತು.

“ಯಾರು ಶುರು ಮಾಡಿದ್ದು?”

“ನಾನು ಮಿಸ್” ಎಂದಳು ಶಾಂತಕುಮಾರಿ, ಕೂತಲ್ಲಿಂದಲೇ.

“ಹೇಳಿಕೊಡೋರು ಇಲ್ಲದೆ ನಿಮ್ಮನ್ನ ಆಡೋಕೆ ಬಿಟ್ಟು, ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರಮ್ಮ ಜವಾಬ್ದಾರಿ?”

“ಹುಡುಗರು ಬಿದ್ರೆ ಯಾರು ಮಿಸ್ ಜವಾಬ್ದಾರಿ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಿಸ್ ನಗಲಿಲ್ಲ. “ನನಗೆ ಎದುರು ಮಾತಾಡಬೇಡ. ಡ್ರಿಲ್ ಟೀಚರ್ ಇಲ್ಲ ಅಂತ ಗೊತ್ತಿಲ್ವಾ?”

“ಇದಾರೆ!” ಶಾಂತಕುಮಾರಿಗೆ ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತಳು. “ನಮ್ಮಮ್ಮ ಇದಾರೆ. ನಮ್ಮಮ್ಮ ಬರ್ತಾರೆ!”

 ಹೆಡ್‌ಮಿಸ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಹೌದಾ? ನೀನು ಕಳಿಸ್ತೀಯಾ?”

“ಹ್ಞೂಂ ಮಿಸ್. ನಾನು ಕಳಿಸ್ತೀನಿ.”

ಅವರ ತುಟಿಯ ತುದಿ ಒಂದಿಷ್ಟು ಅಲುಗಿದ ಹಾಗೆ ಕಂಡಿತು. “ಸಂತೋಷ. ಈಗ ಹೋಗಿ ಬಾವುಟದ ಕಂಬದ ಹತ್ರ ಬಿಸಿಲಲ್ಲಿ ನಿಂತ್ಕೊ. ಪಿಚ್ ಮೇಲೆ ಕೂತಿದ್ದಕ್ಕೆ ಒಂದು ಪನಿಶ್‌ಮೆಂಟ್ ಬೇಡ್ವಾ?”

ಅವರು ಹೋಗುವುದನ್ನೇ ಕಾಯುತ್ತಿದ್ದ ಕಿಟ್ಟು ಹುಬ್ಬು ಹಾರಿಸಿದ. “ಓಹೋ! ಇನ್ಮೇಲೆ ಮದ್ರಾಸ್ ಮೇಲ್ ಡ್ರಿಲ್ ಹೇಳ್ಕೊಡುತ್ತಾ?”

ಶಾಂತಕುಮಾರಿಯ ಕೆನ್ನೆ ಉರಿಯಿತು. ಆದರೆ ತಲೆ ತಗ್ಗಿಸಲಿಲ್ಲ. “ಹೌದು, ನಿನಗೂ ಹೇಳ್ಕೊಡ್ತಾರೆ. ಸರಿಯಾಗಿ ಓಡೋದು ಹೇಗೆ ಅಂತ. ನಿನಗೆ ರನ್ ತಗೊಳ್ಳೋಕೆ ಬರಲ್ವಲ್ಲ!”

ಹೇಳಿಬಿಟ್ಟಮೇಲೆ ಅವಳಿಗೇ ಆಶ್ಚರ್ಯವಾಯಿತು. ಅಷ್ಟು ದಿನ ಹೆದರಿದ್ದ ಹೆಸರು. ಇವತ್ತು ಕೇಳಿದರೆ ಅಷ್ಟೇನೂ ಚುಚ್ಚಲಿಲ್ಲ.

ಚುಚ್ಚಿದ್ದು ಬೇರೆ. ಕಂಬದ ಹತ್ತಿರ ನಿಂತಾಗ ಜಹನಾರಾ ಬಂದು ಎದುರಿಗೆ ನಿಂತಳು.

“ಆ ಮನೆ ನಿಮ್ದಾ?”

“ಹ್ಞೂಂ.”

“ಬೇಡ ಅಂದೋರು ಯಾರು? ನಿಮ್ಮಜ್ಜೀನಾ?”

ಹೌದು ಎಂದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಶಾಂತಕುಮಾರಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೇಳಿದಳು. “ನಾನು.”

“ನೀನಾ? ಯಾಕೆ?”

“ಎಲ್ಲಾರೂ ನಗ್ತಾರೆ ಅಂತ.”

ಜಹನಾರಾ ಲಂಗಕ್ಕೆ ಮೆತ್ತಿದ್ದ ಮಣ್ಣು ಕೊಡವಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ನಮ್ಮಮ್ಮೀನ ಹೀಗೆ ಯಾರಾದ್ರೂ ಮನೆಗೇ ಬಂದು ಕರೆದಿದ್ರೆ, ನಾನು ಮೊಹಲ್ಲಾ ಪೂರ್ತಿ ಹೇಳ್ಕೊಂಡು ಬರ್ತಿದ್ದೆ” ಎಂದು ಕಸೂತಿಯ ಚೀಲ ತೆಗೆದುಕೊಂಡು ಹೊರಟುಹೋದಳು. ಅವತ್ತು ಸಂಜೆ ಮನೆಗೆ ಹೋಗುವಾಗಲೂ ಇವಳಿಗಾಗಿ ನಿಲ್ಲಲಿಲ್ಲ.

*

ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಶಾಂತಕುಮಾರಿ ತಟ್ಟಿದಳು.

“ಯಾರು?” ಅಜ್ಜಿಯ ದನಿ.

“ನಾನು.”

“ನಾನು ಅಂದ್ರೆ ಯಾರು?”

“ಶಾಂತೂ ಕಣಜ್ಜಿ! ಬಾಗಿಲು ತೆಗಿ!”

ಅಜ್ಜಿ ಬಾಗಿಲನ್ನು ಸ್ವಲ್ಪವೇ ತೆರೆದು ನೋಡಿ, ಆಮೇಲೆ ಪೂರ್ತಿ ತೆರೆದರು. ಅವಳು ಒಳಗೆ ಬರುತ್ತಲೇ ಮತ್ತೆ ಚಿಲಕ ಹಾಕಿದರು. ಅಮ್ಮ ಸೀಮೆಎಣ್ಣೆ ತರಲು ಹೋಗಿದ್ದಳು. ನಡುಮನೆಯಲ್ಲಿ ಅವರೆಕಾಯಿಯ ರಾಶಿ. ಅಜ್ಜಿ ಬಿಡಿಸುತ್ತಾ ಕೂತಿದ್ದರು, ಆದರೆ ಬಟ್ಟಲಿನ ತಳದಲ್ಲಿ ನಾಲ್ಕು ಕಾಳು ಮಾತ್ರ ಇದ್ದವು.

“ಸದ್ಯ ಬಂದ್ಯಲ್ಲ” ಎಂದರು ಅಜ್ಜಿ. “ಒಬ್ಬಳೇ ಇದ್ರೆ ಮನೆ ದೊಡ್ಡದಾಗ್ಬಿಡುತ್ತೆ ಕಣೆ.”

“ಇರೋದೇ ಎರಡು ರೂಮು ಅಜ್ಜಿ.”

“ಅದೇ ಎರಡು ರೂಮು.”

ಶಾಂತಕುಮಾರಿ ಅವರ ಪಕ್ಕ ಕೂತಳು.  “ಅದಕ್ಕೇನಾ ನೀನು ಅಮ್ಮ ಹೋಗ್ಬಾರ್ದು ಅಂದಿದ್ದು?”

“ಸುಮ್ನೆ ಅವರೆಕಾಯಿ ಬಿಡಿಸು” ಎಂದು ಅಜ್ಜಿ ರೇಗಿದರು.

ಅಪ್ಪ ಫ್ಯಾಕ್ಟರಿ ಬಸ್ಸಿನಿಂದಿಳಿದು ಮನೆಗೆ ಬಂದು, ಮುಖ ತೊಳೆದು, ಕಾಫಿಗೆ ಕೂರುವವರೆಗೆ ಶಾಂತಕುಮಾರಿ ಕಾದಳು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡಿದ್ದಳು. ಎಲ್ಲರೂ ಇರುವುದನ್ನು ನೋಡಿ ನಡುಮನೆಯ ಮಧ್ಯೆ ಬಂದು ನಿಂತಳು.

“ಎಲ್ಲಾರೂ ಕೇಳಿ. ಅಮ್ಮ ಕೆಲಸಕ್ಕೆ ಹೋಗ್ಲಿ. ನಾನು ಒಪ್ಪಿದೀನಿ. ಇನ್ಮೇಲೆ ಮಗು ಮಗು ಅಂತ ಯಾರೂ ನನ್ನ ಹೆಸರು ಹೇಳ್ಬೇಡಿ.”

ಅಪ್ಪನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅಜ್ಜಿ, “ಅಯ್ಯೋ ರಾಮ!” ಎಂದರು. ಈಗ ಅಮ್ಮ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ಶಾಂತಕುಮಾರಿ ಕಾದಳು.

ಅಮ್ಮ ಸ್ಟೌವ್ ಆರಿಸಿ ಅಡುಗೆಮನೆಯಿಂದ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. “ನಾನು ಬೆಳಿಗ್ಗೇನೇ ಸ್ಕೂಲಿಗೆ ಹೋಗಿ, ಕೆಲಸಕ್ಕೆ ಬರ್ತೀನಿ ಅಂತ ಹೇಳಿ ಬಂದೆ” ಎಂದಳು. “ನಾಳೆಯಿಂದ.”

“ಬೆಳಿಗ್ಗೇನೇ?” ಎಂದಳು ಶಾಂತಕುಮಾರಿ. ಹೆಡ್‌ಮಿಸ್‌ರ ತುಟಿ ಯಾಕೆ ಅಲುಗಿತು ಎಂದು ಈಗ ಗೊತ್ತಾಯಿತು.

“ನನಗೆ ಒಂದು ಮಾತು ಹೇಳ್ಲೇ ಇಲ್ವಲ್ಲ?” ಎಂದರು ಅಪ್ಪ.

“ಹೇಳಿದೆ ರೀ. ಶನಿವಾರ ಕೇಳಿದೆ, ನೋಡೋಣ ಅಂದ್ರಿ. ಭಾನುವಾರ ಕೇಳಿದೆ, ನೋಡೋಣ ಅಂದ್ರಿ. ನಾನೂ ನೋಡಿದೆ. ಆಮೇಲೆ ಹೋದೆ.” ಅಮ್ಮ ದನಿ ಎತ್ತರಿಸಿರಲಿಲ್ಲ. ಆದರೆ ಅದು ಒಂದಿಷ್ಟೂ ಅಲುಗುವ ಹಾಗೆ ಕಾಣಲಿಲ್ಲ.

ಶಾಂತಕುಮಾರಿಗೆ ಕೋಪ ಉಕ್ಕಿ ಬಂತು. ಪಿಚ್ಚಿನ ಮೇಲೆ ಕೂತವಳು ಅವಳು, ಬಿಸಿಲಲ್ಲಿ ನಿಂತವಳು ಅವಳು, ಜಹನಾರಾಳ ಸ್ನೇಹ ಕಳೆದುಕೊಂಡವಳು ಅವಳು. “ಹಾಗಾದ್ರೆ ನನ್ನನ್ನ ಯಾಕೆ ಕೇಳ್ದೆ?”

“ನಿನಗೆ ಇಷ್ಟಾನಾ ಅಂತ ಕೇಳಿದೆ. ನೀನು ಇಲ್ಲ ಅಂದೆ. ಬೇಜಾರಾಯ್ತು.” ಅಮ್ಮ ಅವಳ ಕಣ್ಣನ್ನೇ ನೋಡಿದಳು. “ಹೋಗ್ಲಾ ಅಂತ ನಿನ್ನನ್ನ ನಾನು ಕೇಳ್ಲಿಲ್ಲ ಶಾಂತೂ.”

ಶಾಂತಕುಮಾರಿ ನೆಲಕ್ಕೆ ಬಿದ್ದಿದ್ದ ಒಂದು ಅವರೆ ಸಿಪ್ಪೆಯನ್ನು ಕಾಲಿನಿಂದ ತಳ್ಳಿದಳು.  

ಅಜ್ಜಿ ಆಗಲೇ ಚಾಪೆ ಬಿಡಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. “ನನಗೆ ಊಟ ಬೇಡ. ಈ ಮನೇಲಿ ನನ್ನ ಮಾತಿಗೆ ಏನು ಬೆಲೆ?”

“ಅತ್ತೆ, ಅಡುಗೆ ಎಲ್ಲಾ ಮಾಡಿಟ್ಟೇ ಹೋಗ್ತೀನಿ. ನಿಮ್ಮನ್ನ ಒಲೆ ಮುಂದೆ ಕೂರಿಸಲ್ಲ” ಎಂದಳು ಅಮ್ಮ.

“ಒಲೇನ ಯಾರು ಕೇಳಿದ್ರು?” ಗೋಡೆಯೊಂದಿಗೆ ಮಾತಾಡಿದಂತೆ ಅಜ್ಜಿ ಹೇಳಿದರು.

“ಅಜ್ಜಿಗೆ ಒಬ್ಬಳೇ ಇರೋಕೆ ಭಯ” ಎಂದಳು ಶಾಂತಕುಮಾರಿ.

“ಯಾರೇ ಹೇಳಿದ್ದು ಭಯ ಅಂತ!” ಅಜ್ಜಿ ಧಡಕ್ಕನೆ ಎದ್ದು ಕೂತರು. ಎದ್ದ ರಭಸಕ್ಕೆ ಜಡೆ ಬಿಚ್ಚಿಕೊಂಡಿತು.  ಅವರು ಜಡೆಯನ್ನು ಸುತ್ತಿ ಸುತ್ತಿ ಗಂಟು ಹಾಕಿದರು. ಗಂಟು ನಿಲ್ಲಲಿಲ್ಲ. ಅಮ್ಮ ಅವರ ಹಿಂದೆ ಕೂತು, ಕೂದಲನ್ನು ತನ್ನ ಕೈಗೆ ತೆಗೆದುಕೊಂಡು ಗಂಟು ಕಟ್ಟಿದಳು.

“ನನಗೆ ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ನಿಲ್ತಿದ್ಯಾ?”

ಅಮ್ಮ ಯೋಚಿಸಿದಳು. “ಇಲ್ಲ. ಹೋಗೇ ಹೋಗ್ತಿದ್ದೆ. ಆದ್ರೆ ನಿಮ್ಮ ಪಕ್ಕ ಕೂತು, ಏನು ಮಾಡಬಹುದು ಅಂತ ಮಾತಾಡಿ ಹೋಗ್ತಿದ್ದೆ.”

ಅಪ್ಪ ಕೆಮ್ಮಿದರು. “ಸೆಕೆಂಡ್ ಶಿಫ್ಟ್ ವಾರ ನಾನು ಮಧ್ಯಾಹ್ನದವರೆಗೆ ಮನೇಲೇ ಇರ್ತೀನಲ್ಲ” ಎಂದರು.

“ನೀವು ಗೊರಕೆ ಹೊಡೀತಿರ್ತೀರಿ” ಎಂದಳು ಅಮ್ಮ.

“ಹೊಡೀಲಿ ಬಿಡು. ಮನೇಲಿ ಒಂದು ಸದ್ದು ಅಂತ ಇರುತ್ತೆ” ಎಂದರು ಅಜ್ಜಿ. “ಮಿಕ್ಕ ವಾರ?”

 ಎದುರು ಮನೆಯವರನ್ನು ಕೇಳೋಣ ಎಂದು ಅಪ್ಪ ಹೇಳಿದರು, ಅವರ ಮನೆಯ ನಾಯಿ ನನಗಾಗದು ಎಂದು ಅಜ್ಜಿ ಹೇಳಿದರು. ಸೋಮೇಶ್ವರನ ಗುಡಿಯ ಜಗಲಿಯಲ್ಲಿ ಕೂರಬಹುದಲ್ಲ ಎಂದಳು ಅಮ್ಮ, ಮಂಡಿ ನೋವಿಗೆ ಅಷ್ಟು ದೂರ ಯಾರು ನಡೀತಾರೆ ಎಂದರು ಅಜ್ಜಿ. ಮಾತು ಮುಗಿಯಲಿಲ್ಲ. ಆದರೆ ಮಾತಾಡುತ್ತಾ ಮಾತಾಡುತ್ತಾ ಅಜ್ಜಿ ಊಟಕ್ಕೆ ಕೂತರು, ಅವರೆಕಾಳು ಹುಳಿಗೆ ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದರು.

*

ಮಂಗಳವಾರ ಅಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟಳು. ಬೀಡಿ ಅಂಗಡಿಯ ಮುಂದೆ ಕೂತವರು ನೋಡಿದರು. ಅಮ್ಮ ಅವರನ್ನು ನೋಡಲಿಲ್ಲ. ಶಾಂತಕುಮಾರಿ ನೋಡಿದಳು, ಅವರೇ ಕಣ್ಣು ತಿರುಗಿಸುವವರೆಗೆ.

ಸ್ಕೂಲಿನ ಗೇಟಿನ ಹತ್ತಿರ ಜಹನಾರಾ ನಿಂತಿದ್ದಳು. ಅಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ನಮಸ್ತೆ ಮಿಸ್” ಎಂದಳು. ಶಾಂತಕುಮಾರಿಯ ಕಡೆ ನೋಡಲಿಲ್ಲ. ಆದರೆ ಕ್ಲಾಸಿನಲ್ಲಿ ಬೆಂಚಿನ ಮೇಲೆ ಸರಿದು ಜಾಗ ಬಿಟ್ಟಳು.

ಡ್ರಿಲ್ ಪೀರಿಯಡ್ಡಿಗೆ ಹುಡುಗರು ಎಂದಿನಂತೆ ಸ್ಟಂಪು ಹೊತ್ತು ಓಡಿದರು.

“ನಿಲ್ಲಿ!”

ಆ ದನಿ ಕೇಳಿ ಶಾಂತಕುಮಾರಿಯೇ ಬೆಚ್ಚಿಬಿದ್ದಳು. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ಕಾಲು ಕೊಟ್ಟು ನಿಂತ. ಬೇವಿನ ಮರದಿಂದ ಕಾಗೆಗಳು ಹಾರಿದವು.

“ಸ್ಟಂಪ್ ಕೆಳಗಿಡಿ. ಹುಡುಗರು, ಹುಡುಗಿಯರು ಎಲ್ಲಾ ಒಂದೇ ಸಾಲು. ಎತ್ತರದವರು ಬಲಕ್ಕೆ. ಮೊದಲು ಡ್ರಿಲ್, ಆಮೇಲೆ ಅರ್ಧ ಗ್ರೌಂಡ್ ಕ್ರಿಕೆಟ್, ಅರ್ಧ ಗ್ರೌಂಡ್ ಥ್ರೋಬಾಲ್.”

“ಮಿಸ್, ಅರ್ಧ ಗ್ರೌಂಡಲ್ಲಿ ಕ್ರಿಕೆಟ್ ಆಡೋಕಾಗಲ್ಲ” ಎಂದ ಕಿಟ್ಟು.

“ಆಗೋದಿಲ್ವಾ? ಹಾಗಾದ್ರೆ ಥ್ರೋಬಾಲ್ ಆಡು ಬಾ.”

ಹುಡುಗಿಯರು ನಕ್ಕರು. ಕಿಟ್ಟು ಸಾಲಿಗೆ ಸೇರಿಕೊಂಡ.

“ಒನ್, ಟೂ!” ಕೈಗಳು ಮೇಲಕ್ಕೆ ಹೋದವು. “ಥ್ರೀ, ಫೋರ್!” ಕೆಳಕ್ಕೆ ಬಂದವು. ಅಮ್ಮ ಸಾಲಿನ ಉದ್ದಕ್ಕೂ ನಡೆಯುತ್ತಾ ಬಂದಳು. ಶಾಂತಕುಮಾರಿಯ ಎದುರಿಗೆ ಬಂದಾಗ ಶಾಂತಕುಮಾರಿ ಸಣ್ಣಗೆ ನಕ್ಕಳು.

“ಮೊಣಕೈ ಬಾಗಿದೆ. ನೇರ ಮಾಡು” ಎಂದಳು ಅಮ್ಮ. ಅಷ್ಟೇ. ಮುಂದಿನವಳ ಹತ್ತಿರ ಹೋದಳು.

ಶಾಂತಕುಮಾರಿಯ ನಗು ಮುಖದ ಮೇಲೇ ಒಣಗಿತು. ಇಡೀ ಸಾಲಿನಲ್ಲಿ ತಾನೊಬ್ಬಳೇ ಮಗಳು, ಒಂದು ನಗುವೂ ಇಲ್ಲವೇ? ಸಿಟ್ಟಿನಿಂದ ಕೈಯನ್ನು ಕೋಲಿನ ಹಾಗೆ ನೆಟ್ಟಗೆ ಎತ್ತಿದಳು.

“ಅಲ್ಲಾ, ನಿಮ್ಮಮ್ಮನ ಗಂಟಲೇ!” ಪಕ್ಕದಿಂದ ಜಹನಾರಾ ತುಟಿ ಅಲ್ಲಾಡಿಸದೆ ಹೇಳಿದಳು. “ಮನೇಲೂ ಹೀಗೇನಾ?”

“ಇಲ್ಲ” ಎಂದಳು ಶಾಂತಕುಮಾರಿ.

ಹೌದು, ಮನೆಯಲ್ಲಿ ಹೀಗಿರಲಿಲ್ಲ. ಹತ್ತು ವರ್ಷದಲ್ಲಿ ಈ ದನಿಯನ್ನು ಅವಳು ಒಂದು ಸಲವೂ ಕೇಳಿರಲಿಲ್ಲ.

ಡ್ರಿಲ್ ಮುಗಿದಮೇಲೆ ನೆಟ್ಟು ಕಟ್ಟಿದರು. ಸ್ಟೋರ್‌ರೂಮಿನ ಧೂಳಿಗೆ ಎಲ್ಲರೂ ಸೀನಿದರು. ಬಾಲನ್ನು ಹೇಗೆ ಹಿಡಿದರೆ ಬೆರಳು ನೋಯುವುದಿಲ್ಲ ಎಂದು ಅಮ್ಮ ತೋರಿಸಿದಳು. ಜಹನಾರಾ ಎಸೆದ ಒಂದು ಬಾಲು ಕ್ರಿಕೆಟ್ಟಿನವರ ನಡುವೆ ಹೋಗಿ ಬಿತ್ತು, ಕಿಟ್ಟು ಅದನ್ನು ತಂದುಕೊಟ್ಟ. ಊಟದ ಬೆಲ್ ಹೊಡೆಯಿತು. ಎಲ್ಲರೂ ಕೈ ತೊಳೆಯಲು ನಲ್ಲಿಯ ಹತ್ತಿರ ಓಡಿದರು.

ಶಾಂತಕುಮಾರಿ ಊಟಕ್ಕೆ ಮನೆಗೆ ಹೋಗುವವಳು. ಅಮ್ಮನ ಜೊತೆಯಲ್ಲೇ ಹೋಗೋಣವೆಂದು ಬ್ಯಾಗು ತೆಗೆದುಕೊಂಡು ವರಾಂಡದ ಕಂಬದ ಹತ್ತಿರ ಬಂದಳು.

ಮೈದಾನದಲ್ಲಿ ಅಮ್ಮ ಒಬ್ಬಳೇ ಇದ್ದಳು. ಬಾಲನ್ನು ಸ್ಟೋರ್‌ರೂಮಿಗೆ ತೆಗೆದುಕೊಂಡು ಹೊರಟವಳು ನಡುವೆ ನಿಂತಳು. ಆ ಕಡೆ ಈ ಕಡೆ ನೋಡಿದಳು. ಯಾರೂ ಇಲ್ಲ. ಬಾಲನ್ನು ಆಕಾಶಕ್ಕೆ ಎಸೆದಳು. ಅದು ಬೇವಿನ ಮರಕ್ಕಿಂತ ಮೇಲೆ ಹೋಗಿ, ಬಿಸಿಲಿನಲ್ಲಿ ಚುಕ್ಕಿಯಾಗಿ, ತಿರುಗಿ ಬಂತು. ಅಮ್ಮ ಹಿಂದಕ್ಕೆ ಹಿಂದಕ್ಕೆ ಓಡಿ ಅದನ್ನು ಎದೆಯ ಮೇಲೆ ಹಿಡಿದಳು. ಸೀರೆಯ ಅಂಚೆಲ್ಲ ಕೆಮ್ಮಣ್ಣು. ಅವಳು ನಗುತ್ತಿದ್ದಳು, ಒಬ್ಬಳೇ, ಸದ್ದು ಮಾಡಿ. ಆಮೇಲೆ ಇನ್ನೂ ಎತ್ತರಕ್ಕೆ ಎಸೆದಳು.

ಅಮ್ಮಾ ಎಂದು ಕೂಗಲು ಶಾಂತಕುಮಾರಿ ಬಾಯಿ ತೆರೆದಿದ್ದಳು. ಕೂಗಲಿಲ್ಲ. ಹೊಟ್ಟೆ ಹಸಿದಿತ್ತು, ಆದರೂ ಅವಸರವೆನಿಸಲಿಲ್ಲ.

ಚಪ್ಪಲಿಯ ಸದ್ದಾಗದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಅವಳು ಕಂಬದ ಮರೆಯಲ್ಲಿ ಮೆಟ್ಟಿಲ ಮೇಲೆ ಕೂತು ಕಾದಳು.